ಡಾ. ಥಾಮಸ್ ಫ್ರಾನ್ಸಿಸ್ (1900–1969) ಹಾಗೂ ಶಾಲಾ ಮಕ್ಕಳ ಲಸಿಕಾ ದಾಖಲೆ

ಪೋಲಿಯೊ ಲಸಿಕೆಯನ್ನು ಕಂಡುಹಿಡಿದ ಡಾ. ಜೋನಸ್ ಸಾಲ್ಕ್ ಅವರ ಹೆಸರು ಜನಜನಿತ. ಆ ಲಸಿಕೆಯು ಫಲಕಾರಿಯೆಂಬುದನ್ನು ಶಾಲಾ ಮಕ್ಕಳ ದಾಖಲೆಗಳಿಂದ ಸಿದ್ಧಪಡಿಸಿದವರು ಅವರ ಗುರುಗಳಾದ ಡಾ. ಥಾಮಸ್ ಫ್ರಾನ್ಸಿಸ್.

ಶ್ರೀಯುತರು ಅಮೆರಿಕದ ಇಂಡಿಯಾನ ರಾಜ್ಯದ ಗ್ಯಾಸ್ ಸಿಟಿಯಲ್ಲಿ 1900ರ ಜುಲೈ 15ರಂದು ಜನಿಸಿದರು. 1925ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. 1940ರಲ್ಲಿ ಇನ್‌ಫ್ಲುಯೆಂಜಾ ಬಿ ವೈರಾಣುವನ್ನು ಪ್ರತ್ಯೇಕಿಸಿದರು. 1941ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯವನ್ನು ಸೇರಿದರು. ಸಾಲ್ಕ್ ಅವರು ಲಸಿಕೆ ತಯಾರಿಕೆಯ ಪಾಠವನ್ನು ಅಲ್ಲಿಯೇ ಇವರ ಬಳಿ ಕಲಿತರು.

1952ರಲ್ಲಿ ಅಮೆರಿಕದಲ್ಲಿ 57,000ಕ್ಕೂ ಹೆಚ್ಚು ಪೋಲಿಯೊ ಪ್ರಕರಣಗಳು ವರದಿಯಾದವು. ಸಾಲ್ಕ್ ಲಸಿಕೆಯನ್ನು 1954ರಲ್ಲಿ ಶಾಲೆಗಳಲ್ಲಿ ಪರೀಕ್ಷಿಸಲು ನಿರ್ಧರಿಸಲಾಯಿತು. ಎರಡನೆಯ ತರಗತಿಯ ಮಕ್ಕಳಿಗೆ ಲಸಿಕೆ ಹಾಕಿ, ಒಂದು ಮತ್ತು ಮೂರನೆಯ ತರಗತಿಯವರನ್ನು ಕೇವಲ ಗಮನಿಸುವುದು ಮೊದಲಿನ ಯೋಜನೆಯಾಗಿತ್ತು. ಯಾವ ಮಗುವಿಗೆ ಲಸಿಕೆ ದೊರೆತಿದೆಯೆಂದು ಬಲ್ಲ ವೈದ್ಯರೇ ರೋಗನಿರ್ಣಯ ಮಾಡಿದಲ್ಲಿ ಫಲಿತಾಂಶ ನಂಬಲರ್ಹವಾಗದೆಂಬುದು ಫ್ರಾನ್ಸಿಸ್ ಅವರ ಆಕ್ಷೇಪ. ತಮ್ಮ ಶಿಷ್ಯರ ಲಸಿಕೆಯೆಂಬ ಕಾರಣಕ್ಕೆ ಅವರು ಸಡಿಲಗೊಳ್ಳಲಿಲ್ಲ. ಕೊನೆಗೆ 11 ರಾಜ್ಯಗಳ ಶಾಲೆಗಳಲ್ಲಿ ಅರ್ಧದಷ್ಟು ಮಕ್ಕಳಿಗೆ ಲಸಿಕೆಯನ್ನೂ, ಉಳಿದರ್ಧಕ್ಕೆ ನೋಡಲು ಅದರಂತೆಯೇ ಇದ್ದ ಔಷಧಗುಣವಿಲ್ಲದ ದ್ರವವನ್ನೂ ನೀಡಲಾಯಿತು. ಇತರ ರಾಜ್ಯಗಳು ಮೊದಲಿನ ಯೋಜನೆಯನ್ನೇ ಅನುಸರಿಸಿದವು.

1954ರ ಏಪ್ರಿಲ್ 26ರಂದು ವರ್ಜೀನಿಯಾದ ಮೆಕ್ಲೀನ್ ಊರಿನ ಪ್ರಾಥಮಿಕ ಶಾಲೆಯಲ್ಲಿ ಕಾರ್ಯ ಆರಂಭವಾಯಿತು. ಪ್ರತಿ ಮಗುವಿಗೆ ಐದು ವಾರಗಳೊಳಗೆ ಮೂರು ಚುಚ್ಚುಮದ್ದು. ಸೀಸೆಗಳ ಮೇಲೆ ಸಂಕೇತ ಸಂಖ್ಯೆಯ ಹೊರತು ಬೇರೇನೂ ಇರಲಿಲ್ಲ. ಮಗುವಿಗಾಗಲಿ, ಪೋಷಕರಿಗಾಗಲಿ, ಚುಚ್ಚಿದ ವೈದ್ಯರಿಗಾಗಲಿ ಸೀಸೆಯಲ್ಲಿರುವುದು ಏನೆಂದು ತಿಳಿಯದು. ಮಗುವಿನ ಹೆಸರಿನ ಮುಂದೆ ಆ ಸಂಖ್ಯೆಯನ್ನು ತಪ್ಪಾಗಿ ಬರೆದರೆ ಸತ್ಯವನ್ನು ತಿಳಿಯುವ ಬೇರೆ ಮಾರ್ಗವೇ ಇರಲಿಲ್ಲ. ಪರೀಕ್ಷೆಯ ವ್ಯಾಪ್ತಿಗೆ ಬಂದ 18 ಲಕ್ಷಕ್ಕೂ ಅಧಿಕ ಮಕ್ಕಳ ವಿವರಗಳು ಮಿಶಿಗನ್‌ನ ಆನ್ ಆರ್ಬರ್ ನಗರಕ್ಕೆ ಬಂದು, ರಂಧ್ರ ಕೊರೆದ ಕಾರ್ಡುಗಳಿಗೆ ಏರಿದವು. ಗಣಕಯಂತ್ರಗಳು ಇನ್ನೂ ವಿರಳವಾಗಿದ್ದ ಕಾಲವದು.

1955ರ ಏಪ್ರಿಲ್ 12ರಂದು ಶ್ರೀಯುತರು ಫಲಿತಾಂಶವನ್ನು ಪ್ರಕಟಿಸಿದರು. ಆ 11 ರಾಜ್ಯಗಳಲ್ಲಿ ಲಸಿಕೆ ಪಡೆದ 2,00,745 ಮಕ್ಕಳ ಪೈಕಿ 33 ಮಂದಿಗೆ, ಬರಿಯ ದ್ರವ ಪಡೆದ 2,01,229 ಮಕ್ಕಳ ಪೈಕಿ 115 ಮಂದಿಗೆ ಪೋಲಿಯೊದಿಂದ ಅಂಗಗಳ ಸ್ವಾಧೀನ ತಪ್ಪಿತ್ತು. ಅಂದೇ ಲಸಿಕೆಗೆ ಪರವಾನಗಿ ದೊರೆಯಿತು. ದಾಖಲೆಗಳ ಉಪಯೋಗ ಅಲ್ಲಿಗೆ ಮುಗಿಯಲಿಲ್ಲ. ಬರಿಯ ದ್ರವವನ್ನು ಪಡೆದಿದ್ದ ಮಕ್ಕಳನ್ನು ಗುರುತಿಸಿ ನಿಜವಾದ ಲಸಿಕೆ ಒದಗಿಸಲು ಅವೇ ಆಧಾರವಾದವು.

ಅದೇ ತಿಂಗಳಲ್ಲಿ ತಯಾರಕರೊಬ್ಬರ ಕೆಲವು ಬ್ಯಾಚುಗಳಲ್ಲಿ ಜೀವಂತ ವೈರಾಣು ಉಳಿದು, ಅನೇಕರು ರೋಗಕ್ಕೆ ತುತ್ತಾಗಿ 10 ಮಂದಿ ಮೃತಪಟ್ಟರು. ಯಾರಿಗೆ ಯಾವ ತಯಾರಕರ ಲಸಿಕೆ ನೀಡಲಾಗಿತ್ತೆಂಬ ವಿವರದಿಂದಲೇ ದೋಷದ ಮೂಲವನ್ನು ಶೀಘ್ರವಾಗಿ ಪತ್ತೆ ಹಚ್ಚಲಾಯಿತು.

ಶ್ರೀಯುತರು 1969ರ ಅಕ್ಟೋಬರ್ 1ರಂದು ಆನ್ ಆರ್ಬರ್‌ನಲ್ಲಿ ನಿಧನರಾದರು. ಸಾಲ್ಕ್ ಲಸಿಕೆಯ ವರ್ಗಕ್ಕೆ ಸೇರಿದ ಪೋಲಿಯೊ ಚುಚ್ಚುಮದ್ದು 2015ರ ನವೆಂಬರ್‌ನಲ್ಲಿ ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರ್ಪಡೆಯಾಯಿತು. ನಮ್ಮ ರಾಜ್ಯದಲ್ಲಿ ಮಗುವಿನ ಲಸಿಕೆಗಳ ವಿವರವನ್ನು ತಾಯಿ ಕಾರ್ಡಿನಲ್ಲಿ ನಮೂದಿಸಲಾಗುತ್ತದೆ.