ಸ್ವಾವಲಂಬನದ ಸಾಧಕ ಬಿಲ್ ವಿಲ್ಸನ್

ಧನವು ಧರ್ಮಕಾರ್ಯಕ್ಕೆ ಬಲವಾಗುವುದುಂಟು. ಬರುವ ಬಗೆ ತಪ್ಪಿದರೆ ಅದೇ ಕಾರ್ಯವನ್ನು ಒಳಗಿನಿಂದ ಕೊರೆಯುವುದೂ ಉಂಟು. ಈ ಸತ್ಯವನ್ನು ತಮ್ಮ ಬಾಳಿನಲ್ಲಿ ಕಂಡುಂಡವರಲ್ಲಿ ಅಮೆರಿಕದ ಬಿಲ್ ವಿಲ್ಸನ್ನರು ಒಬ್ಬರು.

ಅವರು 1895ರ ನವೆಂಬರ್ 26ರಂದು ವರ್ಮಾಂಟ್ ಸಂಸ್ಥಾನದ ಈಸ್ಟ್ ಡಾರ್ಸೆಟ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆತಾಯಿಗಳು ಅಗಲಿದ್ದರಿಂದ ತಾಯಿಯ ತವರಿನಲ್ಲಿ ಬೆಳೆದರು. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನ್ಯಾಧಿಕಾರಿಯಾಗಿದ್ದಾಗ ಮದ್ಯದ ರುಚಿ ಹತ್ತಿತು. ನ್ಯೂಯಾರ್ಕಿನ ಷೇರು ವ್ಯವಹಾರದಲ್ಲಿ ಗಳಿಸಿದ್ದ ಹೆಸರು, ಹಣ, ಆರೋಗ್ಯಗಳೆಲ್ಲವೂ ಕುಡಿತಕ್ಕೆ ಆಹುತಿಯಾದವು. ಪತ್ನಿ ಲೋಯಿಸ್ ಅಂಗಡಿಯ ಕೆಲಸಕ್ಕೆ ಹೋಗಿ ಸಂಸಾರ ತೂಗಿಸಿದರು. 1934ರ ಡಿಸೆಂಬರಿನಲ್ಲಿ ಟೌನ್ಸ್ ಆಸ್ಪತ್ರೆಯನ್ನು ಸೇರಿದ ವಿಲ್ಸನ್ನರು ಮತ್ತೆಂದೂ ಮದ್ಯವನ್ನು ಮುಟ್ಟಲಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ವ್ಯವಹಾರಾರ್ಥವಾಗಿ ಆಕ್ರನ್ ನಗರಕ್ಕೆ ಹೋದಾಗ ಕೈಗೊಂಡ ಕೆಲಸ ಕೆಟ್ಟಿತು. ಮನಸ್ಸು ಮತ್ತೆ ಮದ್ಯದ ಕಡೆಗೆ ವಾಲಿತು. ತನ್ನಂತೆಯೇ ನರಳುವ ಇನ್ನೊಬ್ಬನಿಗೆ ನೆರವಾದರೆ ತಾನೂ ಉಳಿಯಬಲ್ಲೆನೆಂಬ ಅರಿವು ಆಗ ಅವರಿಗೆ ಮೂಡಿತು. ಹುಡುಕಾಟದಲ್ಲಿ ದೊರೆತವರು ಶಸ್ತ್ರವೈದ್ಯರಾದ ಡಾ. ಬಾಬ್ ಸ್ಮಿತ್. ಅವರು ಕಡೆಯ ಬಾರಿ ಕುಡಿದ 1935ರ ಜೂನ್ 10ನೆಯ ದಿನವೇ 'ಆಲ್ಕೊಹಾಲಿಕ್ಸ್ ಅನಾನಿಮಸ್' ಸಂಘದ ಸ್ಥಾಪನಾದಿನವೆಂದು ಪರಿಗಣಿತವಾಯಿತು.

ವಿಲ್ಸನ್ ದಂಪತಿಗಳು ಬ್ರೂಕ್ಲಿನ್ನಿನ ಮನೆಯಲ್ಲಿ ಕುಡುಕರಿಗೆ ಅನ್ನ, ಆಶ್ರಯಗಳನ್ನಿತ್ತರು. ಟೌನ್ಸ್ ಆಸ್ಪತ್ರೆಯವರು ಸಂಬಳದ ಹುದ್ದೆಯನ್ನು ನೀಡಬಂದಾಗ, ಸೇವೆಯು ಕೂಲಿಯಾದರೆ ಬಾಂಧವ್ಯ ಕೆಡುವುದೆಂದು ಸಂಗಡಿಗರು ತಡೆದರು, ವಿಲ್ಸನ್ನರು ಒಪ್ಪಿದರು. ಆದರೂ ಆಸ್ಪತ್ರೆಗಳನ್ನು ಕಟ್ಟಬೇಕೆಂಬ ಹಂಬಲ ಅವರನ್ನು ಬಿಡಲಿಲ್ಲ. ಮಹಾಧನಿಕರಾದ ಜಾನ್ ಡಿ. ರಾಕ್‌ಫೆಲ್ಲರ್ ಕಿರಿಯರಲ್ಲಿ ಮನವಿ ಮಾಡಿದಾಗ, 1938ರಲ್ಲಿ ದೊರೆತದ್ದು ಕೇವಲ 5,000 ಡಾಲರು. ಹೆಚ್ಚಿನ ಹಣವು ಈ ಕಾರ್ಯವನ್ನು ಕೆಡಿಸೀತೆಂಬುದೇ ಆ ದಾನಿಯ ಅಳುಕು. ಅದರಲ್ಲಿ ಬಹುಭಾಗ ಡಾ. ಸ್ಮಿತ್ತರ ಮನೆಯ ಅಡವನ್ನು ಬಿಡಿಸಲು ಸಂದಿತು. 1939ರಲ್ಲಿ ಸಂಘದ ಗ್ರಂಥವೇನೋ ಪ್ರಕಟವಾಯಿತು. ಆದರೆ ಅದೇ ವರ್ಷ ಸಾಲದ ದೆಸೆಯಿಂದ ಬ್ರೂಕ್ಲಿನ್ನಿನ ಮನೆ ಕೈಬಿಟ್ಟು, ದಂಪತಿಗಳು ಸ್ನೇಹಿತರ ಮನೆಗಳಲ್ಲಿ ದಿನ ಕಳೆಯಬೇಕಾಯಿತು.

1940ರ ಫೆಬ್ರವರಿ 8ರಂದು ರಾಕ್‌ಫೆಲ್ಲರರು ಧನಿಕಮಿತ್ರರಿಗೆ ಔತಣವನ್ನೇರ್ಪಡಿಸಿದರು. ಅಂದು ತಂದೆಯ ಪರವಾಗಿ ಮಾತನಾಡಿದ ನೆಲ್ಸನ್ ರಾಕ್‌ಫೆಲ್ಲರರು ಈ ಕಾರ್ಯದ ಬಲವು ಧನದಲ್ಲಿಲ್ಲ, ಪರಸ್ಪರ ಸದ್ಭಾವದಲ್ಲಿದೆಯೆಂಬ ಆಶಯವನ್ನು ತಿಳಿಸಿದರು. ಕೋಟ್ಯಧಿಪತಿಗಳ ಸಭೆ ಅಲ್ಪ ಸಹಾಯದೊಡನೆ ಮುಗಿಯಿತು. ಆಗ ನಿರಾಶೆಯಾಗಿ ಕಂಡದ್ದೇ ಮುಂದೆ ವರವಾಯಿತು. 1941ರ ಮಾರ್ಚಿಯಲ್ಲಿ 'ಸ್ಯಾಟರ್‌ಡೇ ಈವ್ನಿಂಗ್ ಪೋಸ್ಟ್' ಪತ್ರಿಕೆಯ ಲೇಖನದಿಂದ ಪತ್ರಗಳ ಮಹಾಪೂರ ಹರಿದುಬಂದಿತು. ಅವುಗಳಿಗೆ ಉತ್ತರಿಸುವ ಕಾರ್ಯಾಲಯದ ವೆಚ್ಚಕ್ಕೆ ಸದಸ್ಯರು ತಲಾ ವರ್ಷಕ್ಕೊಂದು ಡಾಲರನ್ನು ಸ್ವಇಚ್ಛೆಯಿಂದ ನೀಡುವ ಪದ್ಧತಿ ಬಂತು. ಒಮ್ಮೆ ಬೇಡುವ ಕೈಗಳಾಗಿದ್ದವು ಈಗ ನೀಡುವ ಕೈಗಳಾದವು. 1948ರಲ್ಲಿ ಮೃತ್ಯುಪತ್ರದ ಮೂಲಕ ಬಂದ 10,000 ಡಾಲರುಗಳನ್ನು, ಕೊರತೆಯಿದ್ದಾಗಲೂ, ಸಂಘವು ವಿನಯದಿಂದ ನಿರಾಕರಿಸಿತು. 1950ರ ಕ್ಲೀವ್‌ಲ್ಯಾಂಡ್ ಸಮ್ಮೇಳನದಲ್ಲಿ ಸ್ವಾವಲಂಬನವು ಸಂಘದ ನಿಯಮವಾಗಿ ಅಂಗೀಕೃತವಾಯಿತು.

ವಿಲ್ಸನ್ನರು ಕೀರ್ತಿಯನ್ನೂ ದೂರವಿಟ್ಟು, ಯೇಲ್ ವಿಶ್ವವಿದ್ಯಾಲಯದ ಗೌರವಪದವಿಯನ್ನು ಸ್ವೀಕರಿಸಲಿಲ್ಲ. ಮದ್ಯವನ್ನು ಗೆದ್ದ ಅವರಿಗೆ ಧೂಮಪಾನವನ್ನು ಸಕಾಲದಲ್ಲಿ ಗೆಲ್ಲಲಾಗಲಿಲ್ಲ. ಶ್ವಾಸಕೋಶದ ವ್ಯಾಧಿಯಿಂದ 1971ರ ಜನವರಿ 24ರಂದು, ತಮ್ಮ ವಿವಾಹದ ವಾರ್ಷಿಕದಿನದಂದೇ, ಕಾಲವಶರಾದರು. ವ್ಯಸನದ ಬೇರು ಎಷ್ಟು ಆಳವೆಂಬುದಕ್ಕೆ ಈ ಲೋಪವೂ ಸಾಕ್ಷಿ.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆಯೊಡ್ಡಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದುದನ್ನು ಬಲ್ಲ ನಮ್ಮ ನಾಡಿಗೆ ಈ ಚರಿತ್ರೆಯ ಮರ್ಮ ಹೊಸದಲ್ಲ. ದಾಸೋಹದಲ್ಲಿ ದಾನದ ಗಾತ್ರಕ್ಕಿಂತ, ನೀಡುವವನೂ ಪಡೆಯುವವನೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುವ ಭಾವವೇ ಹಿರಿದು. ವ್ಯಸನಮುಕ್ತಿಯ ಕೇಂದ್ರಗಳಿಗೆ ನೆರವಾಗುವ ಸಜ್ಜನರು ಹಣದೊಡನೆ ಆ ಭಾವವನ್ನೂ ನೀಡಿದರೆ, ಬಿದ್ದವನು ಎದ್ದು ನಿಲ್ಲುವನು. ನಿಂತವನು ಮತ್ತೊಬ್ಬನನ್ನು ಎತ್ತುವನು.