ನೀರು ಇಳಿಯಲೆಂದು ಕಾಯದ ಗುರು: ಸಂತ ಜೋಸೆಫ್ ವಾಜ್



ಹಂಪಿಯ ಎದುರು ದಡದ ವಿರೂಪಾಪುರಗಡ್ಡೆಯನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಸುತ್ತ ಬಂಡೆಗುಡ್ಡ, ನಡುವೆ ಭತ್ತದ ಗದ್ದೆ, ಪಕ್ಕದಲ್ಲೇ ತುಂಗಭದ್ರೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ನದಿ ದಾಟುವಂತಿಲ್ಲ. 2019ರ ಆಗಸ್ಟ್‌ ಪ್ರವಾಹದಲ್ಲಿ ಅಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ಹೊರತಂದದ್ದು ನಿಮಗೆ ನೆನಪಿರಬಹುದು.

ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲ. ನಾಟಿ ಕೆಲಸಕ್ಕೆಂದು ಆ ಕಡೆಗೆ ಬಂದಿದ್ದ ಕಥೋಲಿಕ ಕುಟುಂಬವೊಂದು ನನಗೆ ಹೇಳಿಕಳುಹಿಸಿತು. ಅಜ್ಜಿಗೆ ಹುಷಾರಿಲ್ಲ, ಪಾಪನಿವೇದನೆ ಮಾಡಬೇಕೆಂದು ಹಂಬಲಿಸುತ್ತಿದ್ದಾಳೆ, ಫಾದರ್ ಬರಬೇಕು ಎಂದು. ನದಿ ತುಂಬಿತ್ತು. ನೀರು ಇಳಿದ ಮೇಲೆ ಬರುತ್ತೇನೆಂದು ಹೇಳಿ ಕಳುಹಿಸಿದೆ. ಆನೆಗೊಂದಿ ಕಡೆಯಿಂದ ಸುತ್ತಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ. ವಾರ ಕಳೆದು ಹೋದಾಗ ಅಜ್ಜಿಯನ್ನು ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ಮನೆಯವರು ಒಂದು ಕಟು ಮಾತನ್ನೂ ಆಡಲಿಲ್ಲ. ಪ್ರಾಣ ಹೋಗುವವರೆಗೂ ಹಾಸಿಗೆಯ ಸುತ್ತ ಕುಳಿತು ಜಪಸರ ಹೇಳಿದ್ದಾಗಿ ತಿಳಿಸಿ, ನನಗೆ ಚಹಾ ಕೊಟ್ಟರು. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ವಿಶ್ವಾಸವೆಂದರೆ ಬುದ್ಧಿಯ ಒಪ್ಪಿಗೆಯೋ, ಮನಸ್ಸಿನ ಸಂಕಲ್ಪವೋ ಎಂದು ಗುರುಮಠದಲ್ಲಿ ನಾವು ದಿನಗಟ್ಟಲೆ ಚರ್ಚಿಸಿದ್ದುಂಟು. ಆದರೆ ಹಿಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯವನ್ನು ತೆರೆದು ನೋಡಿ. ವಿಶ್ವಾಸವೇನೆಂದು ಚುಟುಕಾಗಿ ತಿಳಿಸಿ, ಆಮೇಲೆ ಅದು ನಮ್ಮ ಮುಂದೆ ನಿಲ್ಲಿಸುವುದು ಮನುಷ್ಯರನ್ನು: ನೋವ, ಅಬ್ರಹಾಮ, ಸಾರಾ, ಮೋಶೆ. ಬದುಕಿ ತೋರಿಸಿದವರನ್ನು ನೋಡಿಯೇ ವಿಶ್ವಾಸವನ್ನು ಕಲಿಯಬೇಕು. ಅಂಥವರಲ್ಲಿ ನಮ್ಮ ಕರ್ನಾಟಕದ ನೆಲದಲ್ಲೂ ನಡೆದಾಡಿದ ಒಬ್ಬರನ್ನು ಇಂದು ನಿಮ್ಮ ಮುಂದೆ ತರುತ್ತೇನೆ.

ಜೋಸೆಫ್ ವಾಜ್ ಅವರು ಗೋವೆಯ ಬೆನಾಲಿಮ್‌ನಲ್ಲಿ 1651ರ ಏಪ್ರಿಲ್ 21ರಂದು ಹುಟ್ಟಿದರು. 1676ರಲ್ಲಿ ಗುರುದೀಕ್ಷೆ ಪಡೆದರು. ಬಡವರಂತೆ ಬದುಕಬೇಕೆಂದು ಬರಿಗಾಲಲ್ಲಿ ನಡೆಯತೊಡಗಿದರು. ಮರುವರ್ಷ ತಮ್ಮನ್ನು ಮರಿಯ ಮಾತೆಯ ಗುಲಾಮನೆಂದು ಬರೆದು ಒಪ್ಪಿಸಿಕೊಂಡರು.

1681ರಲ್ಲಿ ಅವರನ್ನು ಕೆನರಾ ಕರಾವಳಿಗೆ ಕಳುಹಿಸಲಾಯಿತು. ಆಗ ಅಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಧರ್ಮಸಭೆಯೊಳಗೆ ಮಾತ್ರ ದೊಡ್ಡ ಗೊಂದಲ. ಒಂದು ಕಡೆ ಗೋವೆಯ ಮಹಾಧರ್ಮಾಧ್ಯಕ್ಷರ ಅಧಿಕಾರ, ಇನ್ನೊಂದು ಕಡೆ ರೋಮ್ ನೇಮಿಸಿದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ಟ್ರೋ ಅವರ ಅಧಿಕಾರ. ಯಾರ ಮಾತು ಕೇಳಬೇಕೆಂದು ತಿಳಿಯದೆ ಜನ ಇಬ್ಭಾಗವಾಗಿದ್ದರು. ವಾಜ್ ಅವರು ಜಗಳವನ್ನು ಬೆಳೆಸಲಿಲ್ಲ. ಮಂಗಳೂರು, ಬಸರೂರು, ಗಂಗೊಳ್ಳಿ ಸೀಮೆಯಲ್ಲಿ ಊರೂರು ಅಲೆದು, ಬಲಿಪೂಜೆ ಅರ್ಪಿಸಿ, ಪಾಪನಿವೇದನೆ ಕೇಳಿ, ಮಕ್ಕಳಿಗೆ ಶಾಲೆ ತೆರೆದರು. ಮಂಗಳೂರಿನ ಹತ್ತಿರದ ಮುಡಿಪುವಿನಲ್ಲಿರುವ ಅವರ ಪುಣ್ಯಕ್ಷೇತ್ರಕ್ಕೆ ಇಂದಿಗೂ ಜನ ಹೋಗುತ್ತಾರೆ.

ಆದರೆ ಅವರ ಮನಸ್ಸು ಶ್ರೀಲಂಕಾದಲ್ಲಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಹಿಡಿದಿದ್ದರು. ಕಥೋಲಿಕ ಗುರುಗಳನ್ನು ಹೊರಗಟ್ಟಿ, ನಮ್ಮ ಆರಾಧನೆಯನ್ನು ನಿಷೇಧಿಸಿದ್ದರು. ಸಾವಿರಾರು ಕುಟುಂಬಗಳಿಗೆ ಬಲಿಪೂಜೆಯಿಲ್ಲ, ಪರಮಪ್ರಸಾದವಿಲ್ಲ. ಈ ಸುದ್ದಿ ವಾಜ್ ಅವರ ನಿದ್ದೆ ಕೆಡಿಸಿತ್ತು. ಗೋವೆಗೆ ಮರಳಿ, 1685ರಲ್ಲಿ ಕೆಲವು ಗುರುಗಳೊಂದಿಗೆ ಒರಟೋರಿಯೊ ಎಂಬ ಗುರುಗಳ ಸಮೂಹವನ್ನು ಕಟ್ಟಿದರು. 1686ರಲ್ಲಿ ಜಾನ್ ಎಂಬ ನಂಬಿಕಸ್ಥ ಸೇವಕನೊಂದಿಗೆ ಹೊರಟರು. 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಜಾಫ್ನಾ ಮುಟ್ಟಿದರು.

ಮುಟ್ಟಿದ್ದೇ ತಡ, ರಕ್ತಭೇದಿಯಿಂದ ಸಾವಿನಂಚಿಗೆ ಹೋದರು. ಚೇತರಿಸಿಕೊಂಡ ಮೇಲೆ ಕಥೋಲಿಕರನ್ನು ಹುಡುಕುವುದು ಹೇಗೆ? ಬಾಯಿಬಿಟ್ಟು ಕೇಳಿದರೆ ಸೆರೆ. ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರ ಕಂಡು ಯಾರ ಕಣ್ಣು ತುಂಬಿತೋ ಅವರೇ ನಮ್ಮವರು ಎಂಬ ಲೆಕ್ಕ. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಸುಮಾರು ಮೂವತ್ತು ವರ್ಷ ಗುರುಗಳ ಮುಖ ಕಾಣದ ಮನೆಗಳಲ್ಲಿ ಜಪಸರವನ್ನು ಗುರುತಿಸುವವರು ಉಳಿದಿದ್ದರು! ಮಕ್ಕಳಿಗೆ ಶಿಲುಬೆಯ ಗುರುತು ಕಲಿಸಿದ್ದು ಯಾರು? ತಾಯಂದಿರು, ಅಜ್ಜಿಯರು. ಗುರು ಬಂದು ಹೊತ್ತಿಸಿದ ದೀಪಕ್ಕೆ ಎಣ್ಣೆ ಕಾಯ್ದಿಟ್ಟವರು ಅವರು.

ರಾತ್ರಿ ಹೊತ್ತು ಗುಟ್ಟಾಗಿ ಬಲಿಪೂಜೆ ನಡೆಯಿತು. ಡಚ್ಚರ ಹುಡುಕಾಟ ಬಿಗಿಯಾದಾಗ ಪುತ್ತಲಂಗೆ ಹೋದರು. 1692ರಲ್ಲಿ ಕ್ಯಾಂಡಿಗೆ ಬಂದರು. ಅಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಸಂಶಯದಿಂದ ಸೆರೆಯಾದರು. ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. ಬರಗಾಲದಲ್ಲಿ ಅವರ ಪ್ರಾರ್ಥನೆಗೆ ಮಳೆ ಸುರಿಯಿತೆಂದು ಅಲ್ಲಿಯ ಜನ ತಲೆಮಾರುಗಳಿಂದ ಹೇಳುತ್ತಾ ಬಂದಿದ್ದಾರೆ.

ನನಗೆ ಅದಕ್ಕಿಂತ ದೊಡ್ಡದೆನಿಸುವುದು 1697ರ ಸಂಗತಿ. ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಮನೆಯವರೇ ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಓಡಿದರು. ವಾಜ್ ಅವರೂ ಅವರ ಸೋದರಳಿಯ ಫಾದರ್ ಜೋಸೆಫ್ ಕಾರ್ವಾಲೊ ಅವರೂ ಓಡಲಿಲ್ಲ. ರೋಗಿಗಳ ಹುಣ್ಣು ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ಹೂಳಿದರು. ಬೌದ್ಧರೋ ಕ್ರೈಸ್ತರೋ ಎಂದು ಕೇಳಲಿಲ್ಲ.

1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲೇ ಪ್ರಭುವಿನಲ್ಲಿ ನಿದ್ರಿಸಿದರು. ಒಮ್ಮೆಯೂ ಗೋವೆಗೆ ಮರಳಲಿಲ್ಲ. ಜಗದ್ಗುರು ಎರಡನೇ ಜಾನ್ ಪಾಲ್ 1995ರಲ್ಲಿ ಅವರನ್ನು ಧನ್ಯರೆಂದೂ, ಜಗದ್ಗುರು ಫ್ರಾನ್ಸಿಸ್ 2015ರ ಜನವರಿ 14ರಂದು ಸಂತರೆಂದೂ ಸಾರಿದರು. ಎರಡೂ ಸಮಾರಂಭ ನಡೆದದ್ದು ಕೊಲಂಬೊದಲ್ಲೇ.

ಪ್ರಿಯರೇ, ಸಂತರ ಚರಿತ್ರೆ ಓದಿ ಕೈಮುಗಿದು ಮುಚ್ಚಿಡುವುದು ಸುಲಭ. ಅವರು ಬೇರೆ, ನಾವು ಬೇರೆ ಎನ್ನುವುದೂ ಸುಲಭ. ಆದರೆ ವಾಜ್ ಅವರು ಮಾಡಿದ್ದರಲ್ಲಿ ಹೆಚ್ಚಿನದು ನಾವು ಮಾಡಬಲ್ಲದ್ದೇ: ನಡೆದು ಹೋಗುವುದು, ಬಾಗಿಲು ತಟ್ಟುವುದು, ಇನ್ನೊಬ್ಬರ ಭಾಷೆ ಕಲಿಯುವುದು, ರೋಗಿಯ ಪಕ್ಕ ಕೂರುವುದು. ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಕಥೋಲಿಕ ಮನೆಗಳು ಚದುರಿಹೋಗಿವೆ. ಎಷ್ಟೋ ಮನೆಗಳಿಗೆ ದೇವಾಲಯ ದೂರ. ಅಂಥ ಮನೆಯವರೇ, ಸಂಜೆಯ ಪ್ರಾರ್ಥನೆಯನ್ನು ಬಿಡಬೇಡಿ. ಜಾಫ್ನಾದ ಅಜ್ಜಿಯರು ನಿಮ್ಮ ಮಾದರಿ. ದೇವಾಲಯದ ಹತ್ತಿರ ಇರುವವರೇ, ಈ ವಾರ ದೂರದ ಒಂದು ಮನೆಗೆ ಹೋಗಿ ಬನ್ನಿ.

ಇನ್ನು ಗುರುಗಳಾದ ನಾವು? ನನ್ನ ಮೇಜಿನ ಮೇಲೆ ಸಂತ ಜೋಸೆಫ್ ವಾಜ್ ಅವರ ಸಣ್ಣ ಚಿತ್ರವೊಂದನ್ನು ಇಟ್ಟುಕೊಂಡಿದ್ದೇನೆ. ರೋಗಿಯ ಮನೆಯಿಂದ ಕರೆ ಬಂದಾಗ ಮೊದಲು ಆ ಬರಿಗಾಲುಗಳನ್ನು ನೋಡುತ್ತೇನೆ. ಆಮೇಲೆ ನದಿಯಲ್ಲಿ ನೀರೆಷ್ಟಿದೆ ಎಂದು ಕೇಳುವುದಿಲ್ಲ, ಸುತ್ತಿ ಹೋಗುವ ದಾರಿ ಯಾವುದೆಂದು ಕೇಳುತ್ತೇನೆ. ನನಗಾಗಿ ಪ್ರಾರ್ಥಿಸಿ.