ಕಲಿಸುವವರಿಗೆ ಕಲಿಸಿದ ಮಹಾತಾಯಿ ಡಾ. ಮಾಂಟೆಸರಿ

ಸದಾಶಿವ ಪೇಠೆಯಲ್ಲಿ ನಾವು ಹೋಟೆಲು ನಡೆಸುತ್ತಿದ್ದಾಗ ಹೊಸ ಹುಡುಗನನ್ನು ಬಂದ ದಿನವೇ ದೋಸೆಯ ಕಾವಲಿಯ ಮುಂದೆ ನಿಲ್ಲಿಸಿದವರಲ್ಲ. ತಿಂಗಳುಗಟ್ಟಲೆ ಭಟ್ಟರ ಬಳಿ ನಿಂತು ನೋಡಿದ ಮೇಲೆಯೇ ಅವನ ಕೈಗೆ ಸೌಟು. ಆದರೆ ಬುದ್ಧಿಮಾಂದ್ಯ ಮಕ್ಕಳನ್ನು ನೋಡಿಕೊಳ್ಳುವವರಿಗೆ ಯಾವ ಕಲಿಕೆಯೂ ಬೇಡವೆಂದು ಲೋಕವು ಬಹುಕಾಲ ಭಾವಿಸಿತ್ತು. ಅದು ತಪ್ಪೆಂದು ಮಾಡಿ ತೋರಿಸಿದವರಲ್ಲಿ ಡಾ. ಮರಿಯಾ ಮಾಂಟೆಸರಿಯವರು ಪ್ರಮುಖರು. ಅವರ ಹೆಸರನ್ನು ವಾಚಕರು ಶಿಶುವಿಹಾರಗಳ ಫಲಕಗಳಲ್ಲಿ ಕಂಡಿರಬಹುದು. ಆದರೆ ಅವರ ಕಾರ್ಯವು ಮೊದಲಾದುದು ಹುಚ್ಚಾಸ್ಪತ್ರೆಯಲ್ಲಿ.

1870ನೆಯ ಆಗಸ್ಟ್ 31ರಂದು ಇಟಲಿಯಲ್ಲಿ ಜನಿಸಿದ ಅವರು 1896ರಲ್ಲಿ ರೋಮ್ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿ ಪಡೆದರು. ಸ್ತ್ರೀಯರು ವೈದ್ಯ ಕಲಿಯುವುದೇ ಅಪೂರ್ವವಾಗಿದ್ದ ಕಾಲವದು. ಅನಂತರ ರೋಮಿನ ಹುಚ್ಚಾಸ್ಪತ್ರೆಗಳಿಗೆ ಹೋಗಿ ಬರುತ್ತಿದ್ದಾಗ, ಅಲ್ಲಿ ಕೂಡಿಹಾಕಿದ್ದ ಮಕ್ಕಳನ್ನು ಕಂಡರು. ಊಟವಾದೊಡನೆ ಆ ಮಕ್ಕಳು ನೆಲದ ಮೇಲಿನ ರೊಟ್ಟಿಯ ಚೂರುಗಳಿಗೆ ಮುಗಿಬೀಳುತ್ತಿದ್ದರಂತೆ. ನೋಡಿಕೊಳ್ಳುವ ಹೆಂಗಸು ಅದನ್ನು ಹೊಟ್ಟೆಬಾಕತನವೆಂದು ಜರೆದಳು. ಆ ಬರಿದಾದ ಕೋಣೆಯಲ್ಲಿ ಕೈಯಲ್ಲಿ ಹಿಡಿದು ಆಡಲು ಬೇರೇನೂ ಇಲ್ಲವೆಂಬುದನ್ನು ಮಾಂಟೆಸರಿಯವರು ಗಮನಿಸಿದರು.

ಇಟಾರ್ ಮತ್ತು ಸೆಗ್ಯಾಂ ಎಂಬ ಫ್ರೆಂಚ್ ವೈದ್ಯರ ಗ್ರಂಥಗಳನ್ನು ಅವರು ಇಟಾಲಿಯನ್ ಭಾಷೆಗೆ ತಿರುಗಿಸಿ ಕೈಯಾರೆ ಬರೆದುಕೊಂಡರು. ಇಂತಹ ಮಕ್ಕಳ ಶಿಕ್ಷಕರನ್ನು ತರಬೇತುಗೊಳಿಸಲು 1900ರಲ್ಲಿ ರೋಮಿನಲ್ಲಿ ಶಾಲೆ ತೆರೆದಾಗ, ಡಾ. ಮಾಂಟೆಸಾನೊ ಅವರೊಡನೆ ಅದರ ನಿರ್ದೇಶಕರಾದರು. ಮೊದಲ ತಂಡದಲ್ಲಿ 64 ಮಂದಿ ಶಿಕ್ಷಕರಿದ್ದರು. ಮಕ್ಕಳ ತರಗತಿಯೂ ಅಲ್ಲಿಯೇ ಇದ್ದುದರಿಂದ, ಕೇಳಿದ ಪಾಠವನ್ನು ಕಣ್ಣಾರೆ ಕಾಣಬಹುದಾಗಿತ್ತು. ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ ಹೊಲಿಗೆ ಹತ್ತದಿರಲು, ಮಾಂಟೆಸರಿಯವರು ಸೂಜಿಯನ್ನು ಬದಿಗಿಟ್ಟು ಕಾಗದದ ಪಟ್ಟಿಗಳನ್ನು ಹೆಣೆಯಲು ಕೊಟ್ಟರು. ಕೈ ಪಳಗಿದ ಮೇಲೆ ಹೊಲಿಗೆಯೂ ಬಂದಿತು. ಇಂತಹ ಮಕ್ಕಳಲ್ಲಿ ಕೆಲವರು ಸಾಮಾನ್ಯ ಶಾಲೆಯ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಇದೇ ಅನುಭವವನ್ನು ಅವರು 1907ರಲ್ಲಿ ರೋಮಿನ ಬಡವರ ಕೇರಿಯ ಶಿಶುಗೃಹಕ್ಕೆ ತಂದರು.

1939ರಲ್ಲಿ ಮದರಾಸಿನ ಅಡಯಾರಿಗೆ ಬಂದ ಅವರನ್ನು ಮಹಾಯುದ್ಧವು ಭಾರತದಲ್ಲಿಯೇ ನಿಲ್ಲಿಸಿತು. ಇಲ್ಲಿಯೂ ಅವರು ಶಿಕ್ಷಕರನ್ನು ತಯಾರು ಮಾಡಿದರು. 1948ರಲ್ಲಿ ನಮ್ಮ ಪುಣೆಯಲ್ಲಿಯೂ ತರಬೇತಿ ನಡೆಯಿತು. 1952ನೆಯ ಮೇ 6ರಂದು ಹಾಲೆಂಡಿನಲ್ಲಿ ತೀರಿಕೊಂಡರು. ಮುಂದೆ ಪುಣೆಯಲ್ಲಿ ಬುದ್ಧಿಮಾಂದ್ಯರಿಗಾಗಿ 1964ರಲ್ಲಿ ಕಾಮಾಯನಿ ಸಂಸ್ಥೆಯು ಹುಟ್ಟಿತು. ವಿಶೇಷ ಶಿಕ್ಷಕರ ತರಬೇತಿಗೆ ಮಟ್ಟವನ್ನು ಗೊತ್ತುಪಡಿಸುವ ಕಾಯಿದೆಯು ದೇಶದಲ್ಲಿ 1992ರಲ್ಲಿ ಬಂದಿತು.

ನಮ್ಮ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಮ್ಮ ಹೋಟೆಲಿಗೆ ಊರಿನಿಂದ ಬಂದ ಹುಡುಗನೊಬ್ಬನು ಚಹದ ಲೋಟಗಳನ್ನು ದಿನವೂ ಬೀಳಿಸುತ್ತಿದ್ದನು. ಎಲ್ಲರೂ ಅವನನ್ನು ಪೆದ್ದನೆಂದರು. ವಾರದೊಳಗೆ ನಾವೇ ಅವನಿಗೆ ಬಸ್ಸಿನ ಹಣ ಕೊಟ್ಟು ಕಳುಹಿಸಿದೆವು. ಮೊದಲು ಖಾಲಿ ಲೋಟಗಳನ್ನು ಹೊರಿಸಿ ನೋಡಬೇಕೆಂಬ ಬುದ್ಧಿಯು ನಮಗೆ ಬರಲಿಲ್ಲ. ಅಲ್ಲಿ ಕಲಿಯಬೇಕಾಗಿದ್ದವನು ಅವನೊಬ್ಬನೇ ಅಲ್ಲವೆಂದು ಈಗ ತಿಳಿಯುತ್ತದೆ. ಅಂತಹ ಹುಡುಗನು ನಿಮ್ಮ ಬಳಿಗೆ ಬಂದರೆ, ಬಂಧುಗಳೇ, ಅವನನ್ನು ಊರಿಗೆ ಕಳುಹಿಸುವ ಮುನ್ನ ಕಲಿಸುವ ಬಗೆಯನ್ನು ನೀವು ಕಲಿಯಿರಿ.